ಬಸ್ಸಿನಲ್ಲಿ ಕೇಳುತ್ತೆ, ಮನೆಯಲ್ಲಿ ಕೇಳಲ್ಲ: ಒಂದು ಆಟೋಸ್ಕ್ಲೆರೋಸಿಸ್ ಪ್ರಕರಣ

"ಇವಳಿಗೆ ಬೇಕಾದಾಗ ಕೇಳುತ್ತೆ ಡಾಕ್ಟ್ರೇ."

ಗಂಡ ಹೇಳಿದ ಮೊದಲ ಮಾತು ಇದು. ಸಿಟ್ಟಿನಿಂದ ಹೇಳಿದ್ದಲ್ಲ. ಆರು ವರ್ಷದಿಂದ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿ ಸುಸ್ತಾದವರ ದನಿ ಅದು. ಬಸ್ಸಿನಲ್ಲಿ ಹೋಗುವಾಗ ಹೆಂಡತಿಗೆ ಎಲ್ಲವೂ ಸರಿಯಾಗಿ ಕೇಳುತ್ತದೆ. ಮನೆಗೆ ಬಂದು, ಸದ್ದೇ ಇಲ್ಲದ ಕೋಣೆಯಲ್ಲಿ ಮಾತಾಡಿಸಿದರೆ ಮಾತ್ರ "ಏನಂದ್ರಿ?" ಅನ್ನುತ್ತಾರೆ. ಇದು ನಾಟಕ ಅಲ್ವಾ ಅನ್ನೋದು ಅವರ ಅನುಮಾನ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತಿದ್ದರು.

ನಾನು ಅವರಿಬ್ಬರಿಗೂ ಮೊದಲು ಹೇಳಿದ್ದು ಒಂದೇ. ಇದು ನಾಟಕ ಅಲ್ಲ. ಗದ್ದಲದಲ್ಲಿ ಚೆನ್ನಾಗಿ ಕೇಳಿ, ನಿಶ್ಶಬ್ದದಲ್ಲಿ ಕೇಳದೆ ಹೋಗುವ ಒಂದು ಬಗೆಯ ಕಿವುಡು ನಿಜವಾಗಿಯೂ ಇದೆ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಆಟೋಸ್ಕ್ಲೆರೋಸಿಸ್, ಅಂದರೆ ಕಿವಿಯೊಳಗಿನ ಒಂದು ಪುಟ್ಟ ಮೂಳೆ ಅಲುಗದಂತೆ ಅಂಟಿಕೊಳ್ಳುವ ಕಾಯಿಲೆ. ಅದನ್ನು ಹೇಗೆ ಖಚಿತ ಮಾಡಿಕೊಂಡೆವು, ಎಲ್ಲೆಲ್ಲಿ ತಡೆದು ಯೋಚಿಸಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ವಯಸ್ಸು 34. ಕೆಲಸ ಶಾಲೆಯಲ್ಲಿ ಪಾಠ ಹೇಳುವುದು. ಎರಡನೇ ಮಗು ಹುಟ್ಟಿದ ನಂತರ ಬಲಗಿವಿ ಮಂದವಾದಂತೆ ಅನ್ನಿಸಿತು. ಫೋನನ್ನು ತಮಗೆ ಗೊತ್ತಿಲ್ಲದಂತೆಯೇ ಎಡಗಿವಿಗೆ ಬದಲಿಸಿಕೊಂಡರು. ಎರಡು ವರ್ಷದಿಂದ ಎಡಗಿವಿಯೂ ಸ್ವಲ್ಪ ಹಿಂದೆ ಬಿದ್ದಿತ್ತು. ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಗುಂಯ್ ಅನ್ನುವ ಸದ್ದು. ತಲೆಸುತ್ತು ಇಲ್ಲ, ಕಿವಿ ಸೋರಿದ್ದಿಲ್ಲ, ನೋವೂ ಇಲ್ಲ.

ಹಿಂದಿನ ಬೆಂಚಿನ ಮಕ್ಕಳು ಮೆಲ್ಲಗೆ ಉತ್ತರ ಹೇಳಿದರೆ ಕೇಳುವುದಿಲ್ಲ ಅನ್ನುವುದು ಅವರ ದೊಡ್ಡ ಸಂಕಟ. ಅದಕ್ಕಿಂತ ವಿಚಿತ್ರವಾದ ದೂರು ಸಹೋದ್ಯೋಗಿಗಳದ್ದು. ಇವರೇ ತೀರಾ ಮೆಲ್ಲಗೆ ಮಾತಾಡುತ್ತಾರೆ ಅಂತ. ನನ್ನ ಎದುರಿಗೂ ಹಾಗೇ ಮಾತಾಡಿದರು. ನಾನೇ ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಇನ್ನೊಂದು ಪ್ರಶ್ನೆ ಕೇಳಿದೆ. "ಊಟ ಮಾಡುವಾಗ ಯಾರಾದರೂ ಮಾತಾಡಿಸಿದರೆ?"

ಅವರು ಥಟ್ಟನೆ ತಲೆ ಎತ್ತಿದರು. "ಅಗಿಯೋದು ನಿಲ್ಲಿಸಿದರೆ ಮಾತ್ರ ಕೇಳುತ್ತೆ. ಇದು ನಿಮಗೆ ಹೇಗೆ ಗೊತ್ತು?"

ಈ ನಾಲ್ಕೂ ಸಂಗತಿಗಳಿಗೆ ಬೇರು ಒಂದೇ. ಸದ್ದು ಒಳಗಿವಿಗೆ ತಲುಪಲು ಎರಡು ದಾರಿಗಳಿವೆ. ಒಂದು ಗಾಳಿಯ ದಾರಿ. ಕಿವಿಯ ತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆಗಳು, ಆಮೇಲೆ ಒಳಗಿವಿ. ಇನ್ನೊಂದು ತಲೆಬುರುಡೆಯ ಮೂಳೆಯ ದಾರಿ. ಗಾಳಿಯ ದಾರಿ ಕಟ್ಟಿಕೊಂಡು ಮೂಳೆಯ ದಾರಿ ಚೆನ್ನಾಗಿದ್ದರೆ, ತನ್ನ ದನಿ ತನಗೆ ಜೋರಾಗಿ ಕೇಳುತ್ತದೆ. ಹಾಗಾಗಿ ಮನುಷ್ಯ ಮೆಲ್ಲಗೆ ಮಾತಾಡುತ್ತಾನೆ. ಅಗಿಯುವ ಸದ್ದು ಮೂಳೆಯ ಮೂಲಕ ದೊಡ್ಡದಾಗಿ ಬಂದು ಹೊರಗಿನ ಮಾತನ್ನು ಮುಚ್ಚಿಬಿಡುತ್ತದೆ. ಬಸ್ಸಿನಲ್ಲಿ ಎಲ್ಲರೂ ದನಿ ಏರಿಸಿ ಮಾತಾಡುತ್ತಾರೆ. ಎಂಜಿನ್ನಿನ ಗದ್ದಲ ಇವರಿಗೆ ಅಷ್ಟಾಗಿ ಕೇಳುವುದೇ ಇಲ್ಲ, ಏರಿಸಿದ ದನಿ ಮಾತ್ರ ಕೇಳುತ್ತದೆ. ನರದ ಕಿವುಡಿನಲ್ಲಿ ಇದೆಲ್ಲ ತಿರುವುಮುರುವು. ಅಂಥವರು ಜೋರಾಗಿ ಮಾತಾಡುತ್ತಾರೆ, ಗದ್ದಲದಲ್ಲಿ ಇನ್ನಷ್ಟು ತಡಕಾಡುತ್ತಾರೆ.

ಮನೆತನದ ಬಗ್ಗೆ ಕೇಳಿದಾಗ ತಾಯಿಯ ವಿಷಯ ಬಂತು. ತಾಯಿಗೆ ಮೂವತ್ತು ದಾಟಿದ ಮೇಲೆ ಕಿವಿ ಮಂದವಾಯಿತಂತೆ. "ಬಾಣಂತನದಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ" ಅಂತ ಮನೆಯವರು ತೀರ್ಮಾನಿಸಿದ್ದರು. ಚಿಕ್ಕಮ್ಮನಿಗೂ ಹಾಗೇ ಆಗಿತ್ತು. ಅವರ ಕಿವಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಆವರೆಗೆ ಆಗಿದ್ದು

ಆರು ವರ್ಷದಲ್ಲಿ ಮೂರು ಕಡೆ ತೋರಿಸಿದ್ದರು. ಒಂದು ಕಡೆ ಗುಗ್ಗೆ ತೆಗೆದರು. ಇನ್ನೊಂದು ಕಡೆ ಅಲರ್ಜಿ ಮಾತ್ರೆ, ವಿಟಮಿನ್ ಮಾತ್ರೆ. ಮೂರನೇ ಕಡೆ ಹಿಯರಿಂಗ್ ಟೆಸ್ಟ್ ಮಾಡಿ "ನರ ವೀಕ್ ಆಗಿದೆ, ಏನೂ ಮಾಡಲಾಗದು" ಅಂದು ಒಂದು ಹಿಯರಿಂಗ್ ಏಡ್ ಕೊಟ್ಟಿದ್ದರು. ಅದನ್ನು ಯಾರೂ ಸರಿಯಾಗಿ ಹೊಂದಿಸಿರಲಿಲ್ಲ. ಒಂದು ತಿಂಗಳು ಹಾಕಿಕೊಂಡು ಕಪಾಟಿನಲ್ಲಿ ಇಟ್ಟಿದ್ದರು.

ಆ ಹಳೆಯ ವರದಿಗಳನ್ನು ತರಿಸಿ ನೋಡಿದೆ. ಮೊದಲನೆಯದರಲ್ಲಿ ಗಾಳಿಯ ದಾರಿಯನ್ನು ಮಾತ್ರ ಅಳೆದಿದ್ದರು. ಮೂಳೆಯ ದಾರಿಯ ಗೆರೆಯೇ ಇಲ್ಲ. ಅಂಥ ವರದಿ ಇಟ್ಟುಕೊಂಡು ನರದ ತೊಂದರೆ ಅಂತ ಹೇಳಲು ಬರುವುದಿಲ್ಲ. ಎರಡನೆಯದರಲ್ಲಿ ಎರಡೂ ಗೆರೆಗಳಿದ್ದವು. ಆದರೆ 2000 ಹರ್ಟ್ಸ್ ಸ್ವರದ ಜಾಗದಲ್ಲಿ ಮೂಳೆಯ ಗೆರೆ ಒಂದು ತಗ್ಗಿಗೆ ಇಳಿದಿತ್ತು. ಅದನ್ನು ನೋಡಿ "ನರವೂ ಸೇರಿದೆ" ಎಂದು ಬರೆದಿದ್ದರು. ಈ ತಗ್ಗಿಗೆ ಕಾರ್ಹಾರ್ಟ್ ನಾಚ್ ಅಂತ ಹೆಸರು. ಅದು ನರದ ಗಾಯವಲ್ಲ. ಪುಟ್ಟ ಮೂಳೆಗಳ ಸರಪಳಿ ಅಲುಗಾಡದೆ ಹೋದಾಗ ಮೂಳೆಯ ಮೂಲಕ ಬರುವ ಸದ್ದಿನಲ್ಲೂ ಒಂದು ಪಾಲು ಕಳೆದುಹೋಗುತ್ತದೆ, ಅಷ್ಟೇ. ಮೂಳೆ ಬಿಡುಗಡೆಯಾದರೆ ಈ ತಗ್ಗು ಮುಚ್ಚಿಕೊಳ್ಳುತ್ತದೆ. ಅದನ್ನು ನರದ ಲೆಕ್ಕಕ್ಕೆ ಬರೆದರೆ ಆಪರೇಷನ್ನಿನಿಂದ ಗುಣವಾಗುವ ಮನುಷ್ಯನನ್ನು ಸುಮ್ನೆ ಮನೆಗೆ ಕಳಿಸಿದಂತೆ.

ಪರೀಕ್ಷೆ

ಕಿವಿಯೊಳಗೆ ನೋಡಿದರೆ ಏನೂ ಇಲ್ಲ. ತಮಟೆ ಹೊಳೆಯುತ್ತಿತ್ತು, ಗಾಳಿ ಒತ್ತಿದರೆ ಅಲುಗಾಡುತ್ತಿತ್ತು. ತಮಟೆಯ ಹಿಂದೆ ಕೆಂಪು ಛಾಯೆ ಇದೆಯೇ ಎಂದು ಹುಡುಕಿದೆ. ಕಾಯಿಲೆ ಚುರುಕಾಗಿರುವ ಕೆಲವರಲ್ಲಿ ಅದು ಕಾಣುತ್ತದೆ. ಇವರಲ್ಲಿ ಇರಲಿಲ್ಲ.

ಕಿವಿ ಇಷ್ಟು ಚೆಂದವಾಗಿ ಕಂಡಾಗಲೇ ನಾವು ಎಡವುವುದು. ಆಗ ಕೈಗೆತ್ತಿಕೊಳ್ಳಬೇಕಾದ್ದು ಟ್ಯೂನಿಂಗ್ ಫೋರ್ಕ್, ಅಂದರೆ ಬಡಿದರೆ ಒಂದೇ ಸ್ವರದಲ್ಲಿ ಮಿಡಿಯುವ ಲೋಹದ ಕವೆ. 512 ಹರ್ಟ್ಸ್ ಫೋರ್ಕನ್ನು ಮೊಣಕೈಗೆ ಬಡಿದು ಬಲಗಿವಿಯ ಹಿಂದಿನ ಮೂಳೆಗೆ ಇಟ್ಟೆ. ಆಮೇಲೆ ಕಿವಿಯ ಮುಂದೆ ಹಿಡಿದೆ. "ಯಾವುದು ಜೋರು?" "ಹಿಂದೆ ಇಟ್ಟಿದ್ದು." ಆರೋಗ್ಯವಂತ ಕಿವಿಯಲ್ಲಿ ಇದು ಉಲ್ಟಾ ಇರಬೇಕು. ಹಣೆಯ ನಡುವೆ ಇಟ್ಟಾಗ ಸದ್ದು ಬಲಕ್ಕೆ, ಅಂದರೆ ಹೆಚ್ಚು ಕಿವುಡಾದ ಕಡೆಗೇ ಹೋಯಿತು. ನರ ಹೋಗಿದ್ದರೆ ಎಡಕ್ಕೆ ಹೋಗಬೇಕಿತ್ತು. ಎಡಗಿವಿಯಲ್ಲಿ 256ರ ಫೋರ್ಕ್ ಮಾತ್ರ ಉಲ್ಟಾ ಉತ್ತರ ಕೊಟ್ಟಿತು, 512 ಸರಿಯಾಗಿತ್ತು. ಎರಡೂ ಕಡೆ ಒಂದೇ ಕಾಯಿಲೆ, ಎಡಕ್ಕೆ ಇನ್ನೂ ಶುರು. ಇಷ್ಟು ತಿಳಿಯಲು ಹಿಡಿದದ್ದು ಎರಡು ನಿಮಿಷ.

ಕೇಳುವಿಕೆ ಅಳೆಯುವ ಆಡಿಯಾಲಜಿಸ್ಟ್, ಇನ್ನೊಂದು ಕಿವಿ ನೆರವಿಗೆ ಬರದಂತೆ ಅದಕ್ಕೆ ಮರೆಸದ್ದು ಕೊಟ್ಟು, ಹೊಸದಾಗಿ ಅಳೆದರು. ಕೇಳಿಸಲು ಎಷ್ಟು ಸದ್ದು ಬೇಕು ಅನ್ನುವ ಅಳತೆ ಇದು, ಅಂಕಿ ಹೆಚ್ಚಿದಷ್ಟೂ ಕಿವುಡು ಹೆಚ್ಚು. ಬಲಗಿವಿಯಲ್ಲಿ ಗಾಳಿಯ ದಾರಿ ಸರಾಸರಿ 56 ಡೆಸಿಬಲ್, ಮೂಳೆಯ ದಾರಿ 19. ನಡುವಿನ ಅಂತರ 37. ಎಡದಲ್ಲಿ 35 ಮತ್ತು 14. ಬಲಗಿವಿಯ ಟಿಂಪನೋಗ್ರಾಂನಲ್ಲಿ, ಅಂದರೆ ಗಾಳಿ ಒತ್ತಿದಾಗ ತಮಟೆ ಎಷ್ಟು ಅಲುಗುತ್ತದೆ ಎಂಬುದರ ನಕ್ಷೆಯಲ್ಲಿ, ಗುಡ್ಡ ಸರಿಯಾದ ಜಾಗದಲ್ಲಿತ್ತು, ಎತ್ತರ ಮಾತ್ರ ಕಡಿಮೆ. ಮಧ್ಯಕಿವಿಯಲ್ಲಿ ನೀರಿಲ್ಲ, ಆದರೆ ಸರಪಳಿ ಬಿಗಿದಿದೆ ಎಂದು ಅರ್ಥ.

ನಾನು ಹೆಚ್ಚು ಕಾದಿದ್ದು ಸ್ಟೇಪೀಡಿಯಲ್ ರಿಫ್ಲೆಕ್ಸ್‌ಗಾಗಿ. ಜೋರು ಸದ್ದು ಬಂದಾಗ ಕಿವಿಯ ಒಳಗಿನ ಒಂದು ಪುಟ್ಟ ಸ್ನಾಯು, ಆ ಮೂರು ಪುಟ್ಟ ಮೂಳೆಗಳಲ್ಲಿ ಕೊನೆಯದಾದ ಸ್ಟೇಪೀಸನ್ನು ಎಳೆಯುತ್ತದೆ. ಸ್ಟೇಪೀಸ್ ಅಂಟಿಕೊಂಡಿದ್ದರೆ ಎಳೆದರೂ ಅಲುಗದು, ಯಂತ್ರದ ಗೆರೆ ನೆಟ್ಟಗೇ ಹೋಗುತ್ತದೆ. ಇವರಿಗೆ ಎರಡೂ ಕಡೆ ನೆಟ್ಟಗೆ ಹೋಯಿತು. ಇದು ಯಾಕೆ ಅಷ್ಟು ಮುಖ್ಯ? ಒಳಗಿವಿಯ ಮೇಲಿನ ಅರ್ಧವೃತ್ತ ನಾಳದ ಮೂಳೆ ತೆಳುವಾಗಿ ತೂತಾಗುವ ಇನ್ನೊಂದು ಕಾಯಿಲೆ ಇದೆ. ಅದರ ಆಡಿಯೋಗ್ರಾಂ, ಅಂದರೆ ಕೇಳುವಿಕೆಯ ನಕ್ಷೆ, ಥೇಟ್ ಇದರಂತೆಯೇ ಕಾಣಬಹುದು. ಆದರೆ ಅದರಲ್ಲಿ ರಿಫ್ಲೆಕ್ಸ್ ಸಾಮಾನ್ಯವಾಗಿ ಇರುತ್ತದೆ. ರಿಫ್ಲೆಕ್ಸ್ ನೋಡದೆ ಆಪರೇಷನ್ ಮಾಡಿ, ಸ್ಟೇಪೀಸ್ ಸರಾಗವಾಗಿ ಅಲುಗಾಡುವುದನ್ನು ಟೇಬಲ್ಲಿನ ಮೇಲೆ ಕಂಡು ಬೆಚ್ಚಿಬಿದ್ದವರು ಇದ್ದಾರೆ. ಜೋರು ಸದ್ದಿಗೆ ತಲೆ ಸುತ್ತುತ್ತದೆಯೇ, ತನ್ನ ಕಣ್ಣುಗುಡ್ಡೆ ಹೊರಳುವ ಸದ್ದು ತನಗೇ ಕೇಳುತ್ತದೆಯೇ ಅಂತಲೂ ವಿಚಾರಿಸಿದೆ. ಇಲ್ಲ ಅಂದರು. ಕಣ್ಣಿನ ಬಿಳಿಭಾಗ ನೀಲಿಯಾಗಿದೆಯೇ, ಮೂಳೆ ಪದೇಪದೇ ಮುರಿದಿದೆಯೇ ಎಂದೂ ನೋಡಿದೆ. ಮೂಳೆ ಪೆಡಸಾಗುವ ಒಂದು ಹುಟ್ಟುಕಾಯಿಲೆಯಲ್ಲೂ ಸ್ಟೇಪೀಸ್ ಹೀಗೇ ಅಂಟುತ್ತದೆ. ಅದೂ ಇರಲಿಲ್ಲ.

ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಕೇಬೇಕು ಎಂದೇನಿಲ್ಲ. ಇವರಿಗೆ ಮಾಡಿಸಿದೆ, ಯಾಕೆಂದರೆ ಎರಡೂ ಕಿವಿಯ ಪ್ರಶ್ನೆ, ಇನ್ನೂ ಅರ್ಧ ಆಯುಷ್ಯ ಮುಂದಿದೆ. ತೆಳು ಪದರಗಳ ಚಿತ್ರದಲ್ಲಿ ಬಲಗಿವಿಯ ಅಂಡಾಕಾರದ ಕಿಟಕಿಯ, ಅಂದರೆ ಸ್ಟೇಪೀಸ್ ಕೂರುವ ಒಳಗಿವಿಯ ಬಾಯಿಯ, ಮುಂದಂಚಿನಲ್ಲಿ ಸಾಸಿವೆಯಷ್ಟು ಜಾಗ ಮಸುಕಾಗಿತ್ತು. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ. ಒಳಗಿವಿಯ ಇನ್ನೊಂದು ಬಾಯಿಯಾದ ದುಂಡು ಕಿಟಕಿ ತೆರೆದಿತ್ತು. ಸದ್ದನ್ನು ಗ್ರಹಿಸುವ ಭಾಗವಾದ ಕಾಕ್ಲಿಯಾದ ಸುತ್ತ ಕಾಯಿಲೆ ಹರಡಿರಲಿಲ್ಲ.

ಯಾಕೆ ಹೀಗಾಗುತ್ತೆ?

ಈ ಪ್ರಶ್ನೆಯನ್ನು ಗಂಡ ಕೇಳಿದರು. ಅವರ ದನಿ ಆಗಲೇ ಬದಲಾಗಿತ್ತು. ಕಾಗದದ ಮೇಲೆ ಸ್ಟೇಪೀಸ್ ಬರೆದು ತೋರಿಸಿದೆ. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರ. ದೇಹದಲ್ಲೇ ಅತಿ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿಲಿಮೀಟರ್, ತೂಕ ಸುಮಾರು 3 ಮಿಲಿಗ್ರಾಂ. ಅದರ ಪಾದ ಒಳಗಿವಿಯ ಕಿಟಕಿಯಲ್ಲಿ ಕೂತು ಒಳಗೂ ಹೊರಗೂ ಅಲುಗಾಡಬೇಕು. ನಮ್ಮ ಮೈಯ ಉಳಿದ ಮೂಳೆಗಳು ಜೀವಮಾನವಿಡೀ ಸವೆದು ಹೊಸದಾಗುತ್ತಿರುತ್ತವೆ. ಒಳಗಿವಿಯ ಸುತ್ತಲಿನ ಮೂಳೆ ಹಾಗಲ್ಲ, ಒಮ್ಮೆ ಗಟ್ಟಿಯಾದ ಮೇಲೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆಟೋಸ್ಕ್ಲೆರೋಸಿಸ್‌ನಲ್ಲಿ ಈ ನಿಯಮ ಮುರಿಯುತ್ತದೆ. ಹಳೆಯ ಮೂಳೆ ಕರಗಿ, ರಕ್ತನಾಳ ತುಂಬಿದ ಸ್ಪಂಜಿನಂಥ ಮೂಳೆ ಬೆಳೆಯುತ್ತದೆ. ಆಮೇಲೆ ಅದು ಗಟ್ಟಿಯಾಗುತ್ತದೆ. ಕಿಟಕಿಯ ಅಂಚಿಗೆ ಹರಡಿದರೆ ಸ್ಟೇಪೀಸಿನ ಪಾದ ಮಳೆಗಾಲದ ಬಾಗಿಲಿನಂತೆ ಬಿಗಿದು ನಿಲ್ಲುತ್ತದೆ.

ಹೀಗೆ ಯಾಕೆ ಶುರುವಾಗುತ್ತದೆ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಮನೆತನದಲ್ಲಿ ಹರಿದು ಬರುವುದು ನಿಜ. ತಂದೆ ಅಥವಾ ತಾಯಿಯಿಂದ ಬಂದ ವಂಶವಾಹಿಯ ಒಂದು ಪ್ರತಿ ಸಾಕು. ಆದರೆ ಆ ಗುಣ ಪಡೆದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ದಡಾರದ ವೈರಸ್ಸಿನ ಕುರುಹು ಈ ಮೂಳೆಗಳಲ್ಲಿ ಸಿಕ್ಕಿದೆ, ಅದರ ಪಾತ್ರದ ಬಗ್ಗೆ ಚರ್ಚೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡರಷ್ಟು ಕಾಣುತ್ತದೆ. ಹತ್ತರಲ್ಲಿ ಏಳೆಂಟು ಜನರಿಗೆ ಎರಡೂ ಕಿವಿಗೆ ಬರುತ್ತದೆ.

"ಹಾಗಾದರೆ ಮಗು ಹೆತ್ತಿದ್ದರಿಂದ ಬಂದಿದ್ದಾ?" ಶಿಕ್ಷಕಿ ಕೇಳಿದರು. ತಾಯಿಯ ಬಾಣಂತನದ ಕಥೆ ಅವರ ಮನಸ್ಸಿನಲ್ಲಿತ್ತು. ಬಸಿರಿನಲ್ಲಿ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಆಮೇಲಿನ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಕಾಯಿಲೆ ಎದ್ದು ಕಾಣುವ ವಯಸ್ಸೂ ಮಕ್ಕಳಾಗುವ ವಯಸ್ಸೂ ಒಂದೇ ಆದ್ದರಿಂದ ಎರಡನ್ನೂ ಗಂಟು ಹಾಕುವುದು ಸುಲಭ. ಯಾರ ತಪ್ಪೂ ಇಲ್ಲ, ನಿಮ್ಮ ತಾಯಿಯ ಬಾಣಂತನದ್ದೂ ಅಲ್ಲ ಎಂದೆ. ಆಗ ಅವರ ಕಣ್ಣಲ್ಲಿ ನೀರು ಬಂತು.

ಮೂರು ದಾರಿ

ಏನೂ ಮಾಡದೆ ವರ್ಷಕ್ಕೊಮ್ಮೆ ಅಳೆಯುತ್ತಾ ಹೋಗಬಹುದು. ಹಿಯರಿಂಗ್ ಏಡ್ ಹಾಕಬಹುದು. ಆಪರೇಷನ್ ಮಾಡಿಸಬಹುದು. ಮಾತ್ರೆಯಿಂದ ಅಂಟಿದ ಮೂಳೆ ಬಿಡುವುದಿಲ್ಲ. ಕಾಯಿಲೆ ಒಳಗಿವಿಗೆ ಹರಡುತ್ತಿರುವವರಿಗೆ ಫ್ಲೋರೈಡ್ ಕೊಡುವ ರೂಢಿ ಕೆಲವೆಡೆ ಇದೆ. ಇವರಿಗೆ ಅದರ ಅಗತ್ಯ ಕಾಣಲಿಲ್ಲ.

ಮೊದಲು ಹಿಯರಿಂಗ್ ಏಡ್ ಎಂದು ನಿರ್ಧರಿಸಿದೆವು. ಕಪಾಟಿನಲ್ಲಿದ್ದ ಅದೇ ಯಂತ್ರವನ್ನು ಹೊಸ ಆಡಿಯೋಗ್ರಾಂಗೆ ಹೊಂದಿಸಿ ಎರಡು ತಿಂಗಳು ಹಾಕಿಸಿದೆವು. ಇದು ಕಾಲಹರಣ ಅಲ್ಲ. ಸದ್ದು ಸಾಕಷ್ಟು ಒಳಗೆ ಹೋದರೆ ಮಾತು ಎಷ್ಟು ಸ್ಪಷ್ಟವಾಗುತ್ತದೆ ಎಂದು ಅವರೇ ತಿಳಿಯಬೇಕಿತ್ತು. ಆಪರೇಷನ್ ಬೇಡ ಅನ್ನಿಸಿದರೆ ಹಿಂದೆ ಸರಿಯಲು ಒಂದು ಒಳ್ಳೆಯ ದಾರಿಯೂ ಇರಬೇಕಿತ್ತು. ಈ ಸಲ ಚೆನ್ನಾಗಿ ಕೇಳಿತು. ಆದರೂ ತರಗತಿಯಲ್ಲಿ ದಿನವಿಡೀ ಕಿವಿಯೊಳಗೆ ತುರುಕಿಕೊಂಡಿರುವುದು ಹಿಂಸೆ ಅಂದರು. ಆಪರೇಷನ್ ಬಗ್ಗೆ ಪೂರ್ತಿ ಹೇಳಿ ಅಂತ ಕೂತರು.

ಪೂರ್ತಿಯೇ ಹೇಳಿದೆ. ಅನುಭವಸ್ಥರ ಕೈಯಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಗಾಳಿಯ ದಾರಿಗೂ ಮೂಳೆಯ ದಾರಿಗೂ ಇರುವ ಅಂತರ 10 ಡೆಸಿಬಲ್ ಒಳಗೆ ಬರುತ್ತದೆ. ಸುಮಾರು ನೂರಕ್ಕೆ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗಬಹುದು. ಕೆಲವು ದಿನ ತಲೆಸುತ್ತು, ಕೆಲವು ತಿಂಗಳು ನಾಲಿಗೆಯ ರುಚಿಯಲ್ಲಿ ವ್ಯತ್ಯಾಸ ಬರಬಹುದು. ಗುಂಯ್ ಸದ್ದು ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಮುಖದ ನರಕ್ಕೆ ಪೆಟ್ಟಾಗುವುದು ಬಹಳ ಅಪರೂಪ, ಆದರೆ ಸಾಧ್ಯ.

"ಆ ನೂರರಲ್ಲಿ ಒಬ್ಬಳು ನಾನೇ ಆದರೆ?"

ಆ ಕಿವಿಗೆ ಆಮೇಲೆ ಹಿಯರಿಂಗ್ ಏಡ್ ಕೂಡ ಉಪಯೋಗಕ್ಕೆ ಬರುವುದಿಲ್ಲ ಎಂದೆ. ಅದಕ್ಕಾಗಿಯೇ ಹೆಚ್ಚು ಕಿವುಡಾದ ಕಿವಿಯನ್ನು ಮೊದಲು ಮಾಡುತ್ತೇವೆ, ಕೇಳುವ ಕಿವಿ ಒಂದೇ ಇದ್ದವರಿಗೆ ಮಾಡುವುದೇ ಇಲ್ಲ. ನೂರಕ್ಕೆ ಒಂದು ಅನ್ನುವುದನ್ನು ಸಣ್ಣ ಮಾತಾಗಿ ತೇಲಿಸುವುದು ನನಗೆ ಸರಿ ಕಾಣುವುದಿಲ್ಲ. ಕಳೆದುಕೊಂಡವರಿಗೆ ಅದು ನೂರಕ್ಕೆ ನೂರು.

ಈ ಆಪರೇಷನ್ ಎಷ್ಟು ಹಳೆಯದು ಅಂತಲೂ ಕೇಳಿದರು. 1938ರಲ್ಲಿ ಲೆಂಪರ್ಟ್ ಎಂಬ ಶಸ್ತ್ರವೈದ್ಯರು ಅಂಟಿದ ಕಿಟಕಿಯನ್ನು ಬಿಟ್ಟು ಪಕ್ಕದ ನಾಳದಲ್ಲಿ ಹೊಸ ಕಿಟಕಿ ಕೊರೆಯುವ ವಿಧಾನವನ್ನು ಒಂದೇ ಹಂತಕ್ಕೆ ತಂದಿದ್ದರು. 1952ರಲ್ಲಿ ಸ್ಯಾಮ್ಯುಯೆಲ್ ರೋಸೆನ್ ಅಂಥದ್ದೇ ಆಪರೇಷನ್ನಿಗೆ ಮುಂಚೆ ಸ್ಟೇಪೀಸ್ ನಿಜವಾಗಿಯೂ ಅಂಟಿದೆಯೇ ಎಂದು ತಟ್ಟಿ ನೋಡಿದರು. ಅದು ಬಿಡಿಸಿಕೊಂಡಿತು, ರೋಗಿಗೆ ಅಲ್ಲೇ ಕೇಳಿಸಿತು. ಬಿಡಿಸಿದ ಮೂಳೆ ಬಹಳಷ್ಟು ಸಲ ಮತ್ತೆ ಅಂಟುತ್ತಿತ್ತು. 1956ರಲ್ಲಿ ಜಾನ್ ಶೇ ಸ್ಟೇಪೀಸನ್ನೇ ತೆಗೆದು ಟೆಫ್ಲಾನಿನ ಕೃತಕ ಮೂಳೆ ಕೂರಿಸಿದರು. ಈಗ ಪೂರ್ತಿ ತೆಗೆಯುವುದೂ ಕಡಿಮೆ. ಪಾದದಲ್ಲಿ ಒಂದು ಸಣ್ಣ ತೂತು ಮಾಡಿ ಪಿಸ್ಟನ್ ಎಂಬ ಪುಟ್ಟ ಕೃತಕ ಕಡ್ಡಿ ಇಳಿಸುತ್ತೇವೆ. ಇದೇ ಸ್ಟೇಪಿಡಾಟಮಿ. ತೂತು ಚಿಕ್ಕದಾದಷ್ಟೂ ಒಳಗಿವಿಗೆ ಪೆಟ್ಟು ಕಡಿಮೆ.

ಒಂದು ವಾರ ಯೋಚಿಸಿ ಬನ್ನಿ ಎಂದು ಕಳಿಸಿದೆ. ಮೂರು ವಾರ ಬಿಟ್ಟು ಬಂದು "ಮಾಡಿ" ಅಂದರು.

ಟೇಬಲ್ಲಿನ ಮೇಲೆ

ಕಿವಿಯನ್ನು ಮಾತ್ರ ಮರಗಟ್ಟಿಸಿ, ಜೊತೆಗೆ ಮಂಪರಿನ ಔಷಧ ಕೊಟ್ಟು ಮಾಡಿದೆವು. ರೋಗಿ ಎಚ್ಚರ ಇದ್ದರೆ ತಲೆ ಸುತ್ತಿದಾಗ ಹೇಳುತ್ತಾರೆ, ನಾನು ತಕ್ಷಣ ನಿಲ್ಲಿಸಬಹುದು.

ಕಿವಿಯ ಕಾಲುವೆಯ ಮೂಲಕವೇ ಚರ್ಮದ ಜೊತೆ ತಮಟೆಯನ್ನು ಮಡಚಿ ಎತ್ತಿದೆ. ರುಚಿಯ ನರ ಬಿಳಿ ದಾರದಂತೆ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ಕತ್ತರಿಸಿದರೆ ಕೆಲಸ ಸಲೀಸು. ಕತ್ತರಿಸಲಿಲ್ಲ. ಅಂಚಿನ ಮೂಳೆಯನ್ನು ಸ್ವಲ್ಪ ಸ್ವಲ್ಪವೇ ಕೆರೆದು ಜಾಗ ಮಾಡಿಕೊಂಡು ನರವನ್ನು ಪಕ್ಕಕ್ಕೆ ಸರಿಸಿದೆ. ಆದರೂ ಅದು ಜಗ್ಗಿತು, ನನ್ನ ಕಣ್ಣಿಗೇ ಕಂಡಿತು. ಅದರ ಲೆಕ್ಕ ಮುಂದೆ ಬರುತ್ತದೆ.

ಮೂಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಸುತ್ತಿಗೆ ಮೂಳೆ ಅಲುಗಿತು. ಅಡಿಗಲ್ಲು ಮೂಳೆ ಅಲುಗಿತು. ಸ್ಟೇಪೀಸ್ ಅಲುಗಲಿಲ್ಲ. ಈ ಹೆಜ್ಜೆಯನ್ನು ಯಾವತ್ತೂ ಹಾರಿಸಬಾರದು. ಸುತ್ತಿಗೆ ಮೂಳೆಯೇ ಅಂಟಿದ್ದರೆ ಪಿಸ್ಟನ್ ಹಾಕಿಯೂ ಪ್ರಯೋಜನವಿಲ್ಲ.

ಮುಂದಿನದು ನಿರ್ಧಾರದ ಜಾಗ. ಸ್ಟೇಪೀಸಿನ ಕಮಾನನ್ನು ಮೊದಲು ಮುರಿಯಬೇಕೇ, ಪಾದದಲ್ಲಿ ತೂತು ಮೊದಲು ಮಾಡಬೇಕೇ? ಕಮಾನು ಮೊದಲು ತೆಗೆದರೆ ಪಾದ ಚೆನ್ನಾಗಿ ಕಾಣುತ್ತದೆ. ಆದರೆ ಮುರಿಯುವ ಹೊತ್ತಿಗೆ ಪಾದವೇ ಕಿಟಕಿಯಿಂದ ಕಳಚಿ ತೇಲತೊಡಗಿದರೆ ಅದರಲ್ಲಿ ತೂತು ಮಾಡುವುದು ಬಹಳ ಕಷ್ಟ. ಇವರ ಪಾದ ತೆಳುವಾಗಿ ನೀಲಿಯಾಗಿತ್ತು. ಕಾಯಿಲೆ ಮುಂದಂಚಿನಲ್ಲಿ ಮಾತ್ರ ಹಿಡಿದಿತ್ತು. ಇಂಥ ಪಾದ ಕಳಚುವ ಭಯ ಜಾಸ್ತಿ. ಹಾಗಾಗಿ ಕಮಾನು ಇನ್ನೂ ಹಿಡಿದುಕೊಂಡಿರುವಾಗಲೇ, ಇಕ್ಕಟ್ಟಾದರೂ, 0.7 ಮಿಲಿಮೀಟರ್ ತೂತನ್ನು ಮೊದಲು ಮಾಡಿದೆ. ಆ ತೂತಿನಲ್ಲಿ ಒಳಗಿವಿಯ ದ್ರವ ಒಂದು ಹೊಳಪಾಗಿ ಕಂಡಿತು. ಅಲ್ಲಿಂದ ಮುಂದೆ ಸಕ್ಷನ್ ಕೊಳವೆಯನ್ನು ತೂತಿನ ಮೇಲೆ ನೇರವಾಗಿ ಹಿಡಿಯುವಂತಿಲ್ಲ. ಆ ದ್ರವ ಎಳೆದರೆ ಕಿವಿ ಹೋಗಬಹುದು.

ಕೀಲು ಬಿಡಿಸಿ, ಸ್ನಾಯುವಿನ ಎಳೆ ಕತ್ತರಿಸಿ, ಕಮಾನನ್ನು ಮುರಿದು ತೆಗೆದೆ. ಪಾದ ಕದಲಲಿಲ್ಲ. 4.5 ಮಿಲಿಮೀಟರ್ ಉದ್ದ, 0.6 ಮಿಲಿಮೀಟರ್ ದಪ್ಪದ ಪಿಸ್ಟನ್ನಿನ ಕೊಕ್ಕೆಯನ್ನು ಅಡಿಗಲ್ಲು ಮೂಳೆಗೆ ಸಿಕ್ಕಿಸಿ, ತುದಿಯನ್ನು ತೂತಿಗೆ ಇಳಿಸಿದೆ. ಸುತ್ತ ಕೊಬ್ಬಿನ ಚೂರು ಇಟ್ಟೆ. ತಮಟೆಯನ್ನು ಹಿಂದಕ್ಕೆ ಹಾಸಿದೆ.

ಆಮೇಲೆ ತಲೆಯ ಹಿಂದೆ ನಿಂತು ಪಿಸುದನಿಯಲ್ಲಿ "ಮೂವತ್ತೇಳು" ಅಂದೆ.

"ಮೂವತ್ತೇಳು" ಅಂದರು. ಆಮೇಲೆ, ಬಟ್ಟೆಯ ಅಡಿಯಿಂದ, "ಯಾಕೆ ಕಿರುಚುತ್ತೀರಿ ಡಾಕ್ಟ್ರೇ?"

ಆರನೇ ದಿನದ ಫೋನು

ಕಿವಿಯಲ್ಲಿ ಹತ್ತಿಯಂಥ ಪ್ಯಾಕ್ ಇರುವುದರಿಂದ ಮನೆಗೆ ಹೋದ ಮೇಲೆ ಮತ್ತೆ ಮಂದವಾಗುತ್ತದೆ ಎಂದು ಮೊದಲೇ ಹೇಳಿದ್ದೆವು. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಭಾರ ಎತ್ತಬೇಡಿ, ತಿಣುಕಬೇಡಿ, ನಾವು ಹೇಳುವ ತನಕ ವಿಮಾನ ಬೇಡ. ಮೊದಲೆರಡು ದಿನ ಎದ್ದಾಗ ಸ್ವಲ್ಪ ತೂಗಾಡಿದಂತಾಗಿತ್ತು, ಅದೂ ಇಳಿದಿತ್ತು.

ಆರನೇ ದಿನ ಬೆಳಿಗ್ಗೆ ಗಂಡನ ಫೋನು. ರಾತ್ರಿ ನಿದ್ದೆಗಣ್ಣಲ್ಲಿ ಬಾಯಿ ಮುಚ್ಚಿ ಜೋರಾಗಿ ಸೀನಿದರಂತೆ. ಆಗಿನಿಂದ ಕೋಣೆ ಸುತ್ತುತ್ತಿದೆ. ಕಿವಿ ಇನ್ನೂ ಮಂದವಾಗಿದೆ ಅನ್ನಿಸುತ್ತಿದೆ. ಗಂಡನ ದನಿ ನಡುಗುತ್ತಿತ್ತು.

ಹೀಗೆಂದರೆ ಎರಡು ಅರ್ಥ ಇರಬಹುದು. ಒಳಗಿವಿ ಸ್ವಲ್ಪ ಕೆರಳಿರಬಹುದು, ತಾನೇ ಇಳಿಯುತ್ತದೆ. ಇಲ್ಲವೇ ಪಿಸ್ಟನ್ ಸರಿದು ದ್ರವ ಸೋರುತ್ತಿರಬಹುದು. ಆಗ ಕಿವಿ ಕೈತಪ್ಪುವ ಅಪಾಯ ಇದೆ. ಫೋನನ್ನು ಅವರ ಕೈಗೆ ಕೊಡಲು ಹೇಳಿದೆ. "ಬಾಯಿ ಮುಚ್ಚಿ ಮ್‌ಮ್‌ಮ್ ಅಂತ ಗುನುಗಿ. ಯಾವ ಕಿವಿಗೆ ಕೇಳುತ್ತೆ?"

ಸ್ವಲ್ಪ ಹೊತ್ತು ಗುನುಗಿದರು. "ಆಪರೇಷನ್ ಆದ ಕಿವಿಗೆ."

ನನ್ನ ಉಸಿರು ಹಗುರಾಯಿತು. ಗುನುಗು ಹಣೆಯ ಮೇಲಿನ ಫೋರ್ಕಿನ ಕೆಲಸವನ್ನೇ ಮಾಡುತ್ತದೆ. ಪ್ಯಾಕ್ ಇರುವ ಕಿವಿಗೆ ಸದ್ದು ಹೋದರೆ ಒಳಗಿವಿ ಬದುಕಿದೆ. ಎದುರು ಕಿವಿಗೆ ಹೋಗಿದ್ದರೆ ಆ ಕ್ಷಣವೇ ಗಾಬರಿಪಡಬೇಕಿತ್ತು. ಆದರೂ ಗುನುಗನ್ನು ನಂಬಿ ಮನೆಯಲ್ಲಿ ಉಳಿಸುವುದು ತಪ್ಪು. ಒಂದು ಗಂಟೆಯಲ್ಲಿ ಬಂದರು. ಮೂಳೆಯ ದಾರಿಯನ್ನು ಮಾತ್ರ ಅಳೆದೆವು. ಆಪರೇಷನ್ನಿಗೆ ಮುಂಚೆ ಎಷ್ಟಿತ್ತೋ ಅಷ್ಟೇ ಇತ್ತು. ಕಣ್ಣಾಲಿಗಳ ಅದುರುವಿಕೆ ಇರಲಿಲ್ಲ.

ಕಿವಿಯನ್ನು ಮತ್ತೆ ತೆರೆದು ನೋಡೋಣವೇ? ನನ್ನ ಜೊತೆಯ ವೈದ್ಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೂಳೆಯ ಗೆರೆ ಇಳಿದಿದ್ದರೆ ತೆರೆಯುತ್ತಿದ್ದೆ. ಇಳಿದಿರಲಿಲ್ಲ. ಕೂತಿರುವ ಪಿಸ್ಟನ್ನನ್ನು ಆರನೇ ದಿನ ಕದಲಿಸುವುದೇ ದೊಡ್ಡ ಅಪಾಯ. ಆಸ್ಪತ್ರೆಯಲ್ಲೇ ಇರಿಸಿಕೊಂಡು, ತಲೆ ಎತ್ತರಿಸಿ ಮಲಗಿಸಿ, ಸ್ಟೀರಾಯ್ಡ್ ಕೊಟ್ಟು, ದಿನಾ ಮೂಳೆಯ ಗೆರೆ ಅಳೆದೆವು. ಒಂದು ದಿನ ಇಳಿದರೂ ತೆರೆಯುವುದು ಎಂದು ಮೊದಲೇ ಬರೆದಿಟ್ಟೆವು. ನಾಲ್ಕನೇ ದಿನ ಸುತ್ತು ನಿಂತಿತು. ಗೆರೆ ಕದಲಲಿಲ್ಲ.

ಆಮೇಲೆ

ಮೂರು ತಿಂಗಳಿಗೆ ಬಲಗಿವಿ 24 ಡೆಸಿಬಲ್‌ಗೆ ಬಂದಿತ್ತು. ಅಂತರ 10. 2000 ಹರ್ಟ್ಸ್‌ನ ತಗ್ಗು 30ರಿಂದ 15ಕ್ಕೆ ಸುಧಾರಿಸಿತ್ತು. "ನರವೂ ಸೇರಿದೆ" ಎಂದು ಬರೆದಿದ್ದ ಹಳೆಯ ವರದಿಯನ್ನು ಪಕ್ಕದಲ್ಲಿಟ್ಟು ಅವರಿಗೆ ತೋರಿಸಿದೆ. ಗುಂಯ್ ಸದ್ದು ಪೂರ್ತಿ ಹೋಗಲಿಲ್ಲ, ರಾತ್ರಿ ಹುಡುಕಿದರೆ ಸಿಗುತ್ತದೆ ಅಂದರು.

ನರ ಜಗ್ಗಿದ್ದರ ಫಲ ನಾಲಿಗೆಯ ಬಲ ಅಂಚಿನಲ್ಲಿ ಕಂಡಿತು. ಕಬ್ಬಿಣ ನೆಕ್ಕಿದಂಥ ರುಚಿ, ಹೆಚ್ಚುಕಮ್ಮಿ ನಾಲ್ಕು ತಿಂಗಳು ಇತ್ತು. ಮೊದಲ ಕೆಲವು ವಾರ ಸದ್ದುಗಳೂ ಕಾಡಿದವು. ತಟ್ಟೆ ಕೆಳಗೆ ಬಿದ್ದರೆ ಬೆಚ್ಚುತ್ತಿದ್ದರು. ಜೋರು ಸದ್ದಿಗೆ ಅಡ್ಡ ನಿಲ್ಲುವ ಸ್ನಾಯುವಿನ ಎಳೆಯನ್ನು ಕತ್ತರಿಸಿದ್ದೇವೆ. ಅದರ ಮೇಲೆ ಆರು ವರ್ಷ ಮೆಲುಸದ್ದಿಗೇ ಒಗ್ಗಿದ ಕಿವಿ. ಇದನ್ನು ನಾನು ಮೊದಲೇ ಸರಿಯಾಗಿ ಹೇಳಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ. ಮನೆಗೆ ಕಳಿಸುವಾಗ ಕೊಡುವ ಹಾಳೆಯಲ್ಲಿ ಗುನುಗಿ ನೋಡುವುದನ್ನೂ ಸೇರಿಸಿದ್ದೇವೆ: ಸದ್ದು ಎದುರು ಕಿವಿಗೆ ಹೋದರೆ ರಾತ್ರಿಯಾದರೂ ಸರಿ, ಬನ್ನಿ. ಹೊರರೋಗಿ ವಿಭಾಗದ ಪ್ರತಿ ಮೇಜಿನ ಮೇಲೂ ಒಂದು 512 ಫೋರ್ಕ್ ಇದೆ. ಮೂಳೆಯ ಗೆರೆ ಇಲ್ಲದ ಆಡಿಯೋಗ್ರಾಂ ಬಂದರೆ ವಾಪಸ್ ಕಳಿಸುತ್ತೇವೆ.

ಖುಷಿಯಲ್ಲಿ ಅವರು ಮೂರನೇ ತಿಂಗಳಿಗೇ ಎಡಗಿವಿಗೂ ಮಾಡಿ ಅಂದರು. ಬೇಡ ಎಂದೆ. ಮೊದಲ ಕಿವಿ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಗಟ್ಟಿಯಾಗಿ ನಿಲ್ಲಬೇಕು. ರುಚಿಯ ನರ ಒಂದು ಕಡೆ ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗ ಇನ್ನೊಂದನ್ನು ಮುಟ್ಟುವುದೂ ಸರಿಯಲ್ಲ. ಒಂದು ವರ್ಷಕ್ಕೆ ಬಂದಾಗ ಎಡಗಿವಿ 40ಕ್ಕೆ ಹದಗೆಟ್ಟಿತ್ತು, ಬಲ ಹಾಗೇ ಇತ್ತು. ಆ ಹೊತ್ತಿಗೆ ಅವರೇ "ಒಂದು ಕಿವಿಯಲ್ಲಿ ತರಗತಿ ನಡೆಯುತ್ತಿದೆ, ಸದ್ಯಕ್ಕೆ ಸಾಕು" ಅಂದರು. ನನಗೂ ಅದು ಸರಿಯೆನಿಸಿತು. ಈಗ ಊಟದ ಹೊತ್ತಿಗೆ ಮಾತಾಡುತ್ತಾರಂತೆ, ಅಗಿಯುತ್ತಲೇ.

ಆ ಸಲ ಅವರ ಜೊತೆ ತಂಗಿ ಬಂದಿದ್ದರು. ವಯಸ್ಸು 26, ಯಾವ ದೂರೂ ಇಲ್ಲ. ಅಕ್ಕ ಒತ್ತಾಯ ಮಾಡಿ ಕರೆತಂದಿದ್ದು. ಫೋರ್ಕ್ ಸರಿಯಾಗಿತ್ತು, ಆಡಿಯೋಗ್ರಾಂ ಸರಿಯಾಗಿತ್ತು. ರಿಫ್ಲೆಕ್ಸ್ ಯಂತ್ರಕ್ಕೆ ಕೂರಿಸಿದೆವು. ಎಡಗಿವಿಯ ಗೆರೆ ನೆಟ್ಟಗೆ ಹೋಗಲೂ ಇಲ್ಲ, ಎಲ್ಲರಂತೆ ಬಾಗಲೂ ಇಲ್ಲ. ಸದ್ದು ಶುರುವಾದಾಗ ಒಂದು ಚಿಕ್ಕ ಕುಣಿತ, ಸದ್ದು ನಿಂತಾಗ ಇನ್ನೊಂದು. ಸ್ಟೇಪೀಸಿನ ಮುಂದಂಚು ಈಗಷ್ಟೇ ಬಿಗಿಯತೊಡಗಿದಾಗ ಗೆರೆ ಹೀಗೆ ಬರುತ್ತದೆ. ಕಿವುಡು ಕಾಣಿಸುವ ಮೊದಲೇ ಬರಬಹುದು.

ಅಕ್ಕ ಆ ಗೆರೆಯನ್ನೇ ನೋಡುತ್ತಾ ಕೂತರು. ಚಿಕಿತ್ಸೆ ಏನೂ ಬೇಡ, ವರ್ಷಕ್ಕೊಮ್ಮೆ ಅಳೆದರೆ ಸಾಕು ಎಂದೆ. ತಂಗಿಯ ಕಾರ್ಡಿನಲ್ಲಿ ಮುಂದಿನ ವರ್ಷದ ತಾರೀಖನ್ನು ಅಕ್ಕನೇ ಕೇಳಿ ಬರೆಸಿಕೊಂಡರು.